ಎರಡು ಸೆಕೆಂಡಿನ ಸಂದೇಶ

ಮಾರ್ಚ್ 3, ಸೋಮವಾರ
ಕಣ್ಣಾಸ್ಪತ್ರೆ ಆಪ್‌ನ ಟೆಸ್ಟಿಂಗ್ ಇಂದಿಗೆ ಮುಗಿಯಿತು. ಪರದೆಯ ಕೆಳಗೆ ಬಂದು ಮಾಯವಾಗುವ ಪುಟ್ಟ ಸಂದೇಶಗಳೇ ನಲವತ್ತು! ಒಂದೊಂದರ ಸ್ಕ್ರೀನ್‌ಶಾಟ್ ಹೊಡೆದು, ಕಾಫಿ ಕುಡಿಯುತ್ತ ಕಾಗುಣಿತ ನೋಡಿದೆ. ಎರಡು ತಪ್ಪು ಸಿಕ್ಕವು. ಡೆವಲಪರ್ ಮುಖ ಸಿಂಡರಿಸಿಕೊಂಡು ತಿದ್ದಿದ. ಉಳಿದದ್ದೆಲ್ಲ ಪಾಸ್.

ಮಾರ್ಚ್ 12
ಚಿಕ್ಕಮ್ಮನ ಎರಡೂ ಕಣ್ಣಿಗೆ ಪೊರೆ. ಸೂಜಿಗೆ ದಾರ ಪೋಣಿಸಲು ಹತ್ತು ಸಲ ಎಂಜಲು ಹಚ್ಚುತ್ತಾಳೆ. ಆ ಹೊಲಿಗೆ ಮೆಷಿನ್ ತುಳಿದೇ ನನ್ನನ್ನು ಓದಿಸಿದ್ದು. ಆಪರೇಷನ್‌ಗೆ ನಮ್ಮ ಆಪ್‌ನಲ್ಲೇ ಬುಕ್ ಮಾಡಿದಳಂತೆ. "ನೀನೇನೂ ಕೈ ಹಾಕ್ಬೇಡ, ಎಲ್ಲಾ ನಾನೇ ಒತ್ತಿದೀನಿ. ಇಪ್ಪತ್ತಾರಕ್ಕೆ!" ಏನು ಜಂಬ!

ಮಾರ್ಚ್ 26, ಮಧ್ಯಾಹ್ನ 2 — ಆಸ್ಪತ್ರೆಯ ಬೆಂಚು
ಪಟ್ಟಿಯಲ್ಲಿ ಹೆಸರೇ ಇಲ್ಲ. ಬೆಳಗ್ಗೆ ಏಳರಿಂದ ಕೂತಿದ್ದೇವೆ. ಕೌಂಟರಿನವಳು: "ಬುಕ್ ಆಗಿಲ್ಲ ಅಂತ ಮೆಸೇಜ್ ಬಂದಿರುತ್ತೆ, ನೋಡ್ಕೋಬೇಕಿತ್ತು."
"ಕೆಳಗೆ ಏನೋ ಕಪ್ಪಗೆ ಬಂತು ಕಣೇ," ಎಂದಳು ಚಿಕ್ಕಮ್ಮ. "ಕನ್ನಡಕ ಹುಡುಕೋದ್ರೊಳಗೆ ಹೋಯ್ತು. ಆಯ್ತು ಅಂತ ಹೇಳಿ ಹೋಯ್ತೇನೋ ಅಂದ್ಕೊಂಡೆ."
ಆಪರೇಷನ್‌ಗೆ ಮುಂದಿನ ತಾರೀಖು ಸಿಕ್ಕಿದ್ದು ಜೂನ್ ಕೊನೆಗೆ. ಮೂರು ತಿಂಗಳು! ಶಾಲೆಯ ಯೂನಿಫಾರ್ಮ್ ಹೊಲಿಯುವ ಸೀಸನ್ ಪೂರ್ತಿ ಹೋಯಿತು. ಮೈಯೆಲ್ಲ ಉರಿಯುತ್ತಿದೆ... ನಾಳೆ ಆ ಡೆವಲಪರ್‌ನ ಗ್ರಹಚಾರ ಬಿಡಿಸುತ್ತೇನೆ.

ಮಾರ್ಚ್ 27
ಬಾಯಿಗೆ ಬಂದಂತೆ ಬೈದೆ. "ಆ ಮೆಸೇಜ್‌ಗೆ ಎರಡೇ ಸೆಕೆಂಡ್ ಇಟ್ಟಿದೀಯಲ್ಲೋ ಪುಣ್ಯಾತ್ಮ! ಕಣ್ಣು ಕಾಣೋರು ಕಣ್ಣಾಸ್ಪತ್ರೆಗೆ ಯಾಕೋ ಬರ್ತಾರೆ?" ಆಫೀಸೆಲ್ಲ ತಿರುಗಿ ನೋಡಿತು. ನೋಡಲಿ!
ಅವನು ನನ್ನ ರಿಪೋರ್ಟ್ ತೆರೆದ. ಮೂವತ್ತೊಂದನೇ ಸಂದೇಶ — "ಬುಕಿಂಗ್ ಆಗಿಲ್ಲ. ಮತ್ತೆ ಪ್ರಯತ್ನಿಸಿ." ಪಕ್ಕದಲ್ಲಿ ಸ್ಕ್ರೀನ್‌ಶಾಟ್. ಪಾಸ್. ನನ್ನ ಹೆಸರು.
ಸ್ಕ್ರೀನ್‌ಶಾಟ್‌ನಲ್ಲಿ ಅದು ಮಾಯವಾಗುವುದೇ ಇಲ್ಲ. ಇನ್ನೂ ಅಲ್ಲೇ ಇದೆ. ಆಪ್‌ನಲ್ಲಿ ಬಂದು ಹೋಗುವಾಗ ಒಂದು ಸಲವೂ ಓದಿ ನೋಡಿರಲಿಲ್ಲ ನಾನು. ಥೂ, ನನ್ನ ಜನ್ಮಕ್ಕಿಷ್ಟು!

ಮಾರ್ಚ್ 30, ಭಾನುವಾರ
ಸಂದೇಶ ಈಗ ಒತ್ತುವ ತನಕ ಹೋಗುವುದಿಲ್ಲ. ಅವನೇ ನಿನ್ನೆ ರಜೆಯಲ್ಲೂ ಕೂತು ಬದಲಾಯಿಸಿದ. ಅದರಿಂದ ಚಿಕ್ಕಮ್ಮನಿಗೇನು ಬಂತು?
ಪಕ್ಕದ ಕೋಣೆಯಲ್ಲಿ ಸೊಟ್ಟ ಹೊಲಿಗೆ ಬಿಚ್ಚುತ್ತ ಇನ್ನೂ ಬೈಯುತ್ತಿದ್ದಾಳೆ. "ಆ ಮೆಸೇಜನ್ನ ಸರಿ ಇದೆ ಅಂದೋರು ಯಾರೇ? ಕಣ್ಣಿರಲಿಲ್ವಾ ಅವರಿಗೆ? ನಿನಗೆ ಗೊತ್ತಿರೋರಾದ್ರೆ ಒಂದ್ಸಲ ಕರ್ಕೊಂಡು ಬಾ." ಮೂರು ದಿನದಿಂದ ಹೂಂ ಅನ್ನುತ್ತಿದ್ದೇನೆ.
ಸೂಜಿ ಪೋಣಿಸಿಕೊಡು ಅಂತ ಕರೆಯುತ್ತಿದ್ದಾಳೆ. ಇವತ್ತು ಹೇಳಿಬಿಡುತ್ತೇನೆ. ಪೋಣಿಸಿ ಕೊಟ್ಟು, ಎದುರಿಗೆ ಕೂತು — ಚಿಕ್ಕಮ್ಮಾ, ಅದನ್ನ ಸರಿ ಇದೆ ಅಂದಿದ್ದು —