ಹಳದಿ ಸೀಸದ ಗುಂಡುಗಳು

ಬನಿಯಾಸ್, ಅಬುಧಾಬಿ
ಶುಕ್ರವಾರ, 23 ನವೆಂಬರ್ 2018

ಪ್ರೀತಿಯ ಹ್ಯೂಬರ್ಟಣ್ಣನವರಿಗೆ ಶೇಖಪ್ಪನ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರ ಸುದ್ದಿ, ಹವೆಯ ಸುದ್ದಿ ಬರೆದು ಪತ್ರ ಮುಗಿಸಿಬಿಡುವ ಆಸಾಮಿ ನಾನು. ನಾಲ್ಕು ವರ್ಷದ ಹಿಂದೆ ದುಬೈಯಲ್ಲಿ, ರಾಸ್ ಅಲ್ ಖೋರ್‌ನ ನಮ್ಮ ವರ್ಕ್‌ಶಾಪಿನ ಓವನ್ನಿನಲ್ಲಿ ಆದದ್ದು ನಿಮ್ಮ ತಪ್ಪಲ್ಲ. ನನ್ನ ತಪ್ಪು.

ಕಳೆದ ಭಾನುವಾರ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನೀವು ಇಗರ್ಜಿಗೆ ಹೋಗಿರುವ ಹೊತ್ತು ನೋಡಿಯೇ ಮಾಡಿದ್ದು. ಉರ್ಸುಲಾ ಬಾಯಿಯವರು ಮೊಣಕಾಲು ನೋವೆಂದು ಮನೆಯಲ್ಲಿದ್ದರು. ಕ್ರಿಸ್‌ಮಸ್‌ಗೆ ಕೇಕ್ ಮಾಡುತ್ತೀರಾ ಎಂದು ಸುಮ್ಮನೆ ಮಾತಿಗೆ ಕೇಳಿದೆ. "ಎಲ್ಲಿಯ ಕೇಕ್ ಶೇಖಪ್ಪ? ಇವರು ಮನೆಯಲ್ಲಿ ಓವನ್ ಹಚ್ಚಲಿಕ್ಕೇ ಬಿಡುವುದಿಲ್ಲ. ತಮ್ಮ ಕೈಗೆ ಈಗ ಬಿಸಿ ಗೊತ್ತಾಗುವುದಿಲ್ಲ ಅಂತ ಹೇಳ್ತಾರೆ. ಶಿರ್ವದಲ್ಲಿ ಒಬ್ಬರು ಬೇಕರಿಗೆ ಕರೆದಿದ್ದರು, ಅದಕ್ಕೂ ಹೋಗಲಿಲ್ಲ" ಎಂದರು.

ಹ್ಯೂಬರ್ಟಣ್ಣ, ಮುಂಡರಗಿ ಕಡೆಯ ನಾನು ದುಬೈಗೆ ಬರುವವರೆಗೆ ಸಮುದ್ರ ಕಂಡವನಲ್ಲ. ಮೀನು ತಿನ್ನುವ ಜಾತಿಯೂ ಅಲ್ಲ. ಅಂಥವನನ್ನು ಪ್ರತಿ ಶುಕ್ರವಾರ ಕ್ರೀಕ್ ದಂಡೆಗೆ ಎಳೆದುಕೊಂಡು ಹೋಗಿ ಗಾಳ ಹಿಡಿಸಿದವರು ನೀವು. "ತಿನ್ನುವುದು ಬೇಡ ಮಾರಾಯ, ಹಿಡಿ. ರೂಮಿನಲ್ಲಿ ಮಲಗಿ ಗೋಡೆ ನೋಡಿ ಎಂತ ಮಾಡ್ತಿ?" ಎನ್ನುತ್ತಿದ್ದಿರಿ. ನಾನು ಹಿಡಿದದ್ದೂ ನಿಮ್ಮ ಚೀಲಕ್ಕೇ. ಗಾಳದ ದಾರಕ್ಕೆ ಭಾರ ಕಟ್ಟುವ ಸೀಸದ ಗುಂಡನ್ನು ಗಂಟು ಹಾಕುವಾಗೆಲ್ಲ ನೀವು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದಿರಿ. ಸೀಸ ಅಂದರೆ ವಿಷ, ಬಿಡಿ ಅಂದರೆ ಕೇಳುವವರಲ್ಲ. ಅದಕ್ಕೇ, ನಮ್ಮ ಅಲ್ಯೂಮಿನಿಯಂ ಚೌಕಟ್ಟುಗಳ ಹಾಗೆ ಗುಂಡುಗಳಿಗೂ ಬಣ್ಣದ ಪುಡಿ ಮೆತ್ತಿ ಬೇಯಿಸಿ ಪೌಡರ್ ಕೋಟಿಂಗ್ ಮಾಡುವ ಹುಚ್ಚು ನನಗೆ ಹತ್ತಿದ್ದು. ಕಿಟಕಿಯ ಚೌಕಟ್ಟಿಗೆ ಸಿಂಪಡಿಸಿ ಉಳಿದ ಹಳದಿ ಪುಡಿ, ಒಂದು ಪ್ಲಾಸ್ಟಿಕ್ ಡಬ್ಬಿ. ಗುಂಡುಗಳನ್ನು ಅದರೊಳಗೆ ಹಾಕಿ ಚುರುಮುರಿ ಕಲಸಿದ ಹಾಗೆ ಕುಲುಕುವುದು, ತಂತಿಯ ಕೊಕ್ಕೆಗೆ ಸಿಕ್ಕಿಸಿ ಕಂಪನಿಯ ಚೌಕಟ್ಟುಗಳ ಜೊತೆಗೇ ಓವನ್ನಿಗೆ ಬಿಡುವುದು. ಇಪ್ಪತ್ತು ನಿಮಿಷಕ್ಕೆ ನಿಂಬೆಹಣ್ಣಿನ ಬಣ್ಣದ ಗುಂಡು. ಮೊದಲ ಸಲ ನೋಡಿ ನೀವು ನಕ್ಕದ್ದು ನೆನಪಿದೆಯಾ? "ಇದನ್ನು ಮೀನು ನುಂಗುವುದಾ, ನಾನು ನುಂಗುವುದಾ?"

ಆ ಓವನ್ನಿನ ಮೀಟರ್ ನೆಟ್ಟಗಿರಲಿಲ್ಲ. ನೀವು ಬಾಗಿಲ ಸಂದಿಗೆ ಮುಂಗೈ ಹಿಡಿದು, ಒಂದು, ಎರಡು ಎಂದು ಎಣಿಸಿ, "ಇನ್ನೂರು ಡಿಗ್ರಿ ಬಂತು, ಯಲ್ಲಾ, ಒಳಗೆ ಬಿಡಿ" ಎನ್ನುತ್ತಿದ್ದಿರಿ. ಹದಿನೆಂಟು ವರ್ಷ ಹಾಗೇ ನಡೆದಿತ್ತು. ಮೀಟರ್ ಸುಳ್ಳು ಹೇಳಬಹುದು, ನನ್ನ ಕೈ ಹೇಳುವುದಿಲ್ಲ ಎಂದು ನಿಮಗೆ ಎಷ್ಟು ಜಂಬವಿತ್ತು! ಆ ಜಂಬ ನಿಮಗೆ ಒಪ್ಪುತ್ತಿತ್ತು.

ನೀವು ರಜೆಗೆ ಹೊರಡುವ ಮೊದಲು ನಲವತ್ತು ಗುಂಡು ಮಾಡಿಕೊಡಬೇಕೆಂದು ನನಗೆ ಆಸೆ. ಟೈರ್ ಅಂಗಡಿಯವರು ಚಕ್ರದ ತೂಕಕ್ಕೆ ಹಾಕಿ ತೆಗೆದು ಕೊಡುತ್ತಿದ್ದ ಹಳೆಯ ಸೀಸ ಆ ವಾರ ಸಿಗಲಿಲ್ಲ. ಪಕ್ಕದ ಶೆಡ್ಡಿನಲ್ಲಿ ರೇಡಿಯೇಟರ್ ರಿಪೇರಿ ಮಾಡುವ ನಮ್ಮ ಮಂಜೇಶ್ವರದ ಅಲಿಕುಂಞಿ ಇದ್ದನಲ್ಲ, ಅವನ ಬೆಂಚಿನ ಕೆಳಗೆ ಬಿದ್ದಿದ್ದ ಬೆಸುಗೆಯ ತುಂಡುಗಳನ್ನು ಗುಡಿಸಿ ತಂದೆ. ನೋಡಲಿಕ್ಕೆ ಸೀಸವೇ, ಸ್ವಲ್ಪ ಹೊಳಪು ಜಾಸ್ತಿ. ಬೇಗ ಕರಗಿತು, ನೀವು ಕೊರೆದ ಅಚ್ಚಿನಲ್ಲಿ ಚಂದವಾಗಿ ಕೂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಓವನ್ ಬಾಗಿಲು ತೆಗೆದಾಗ ಮೇಲಿನ ಸಾಲಿನಲ್ಲಿ ಖಾಲಿ ಕೊಕ್ಕೆಗಳಿದ್ದವು. ಗುಂಡುಗಳೆಲ್ಲ ಕರಗಿ, ಕೆಳಗೆ ನಿಂತಿದ್ದ ಬಿಳಿ ಚೌಕಟ್ಟುಗಳ ಮೇಲೆ ಹನಿಹನಿಯಾಗಿ ಸುರಿದಿದ್ದವು. ಯಾವುದೋ ದೊಡ್ಡ ವಿಲ್ಲಾದ ಮಾಲು, ಎರಡು ದಿನದಲ್ಲಿ ಕೊಡಬೇಕಾದದ್ದು. ಸೂಪರ್‌ವೈಸರ್ ಶ್ರೀಕಂಠಯ್ಯನವರು ತಲೆಯ ಮೇಲೆ ಕೈಯಿಟ್ಟು ನಿಂತರು. ನೀವು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಿರಿ: "ಶೇಖಪ್ಪ, ಸೀಸ ಯಾವುದು?"

ನಾನು ಹೇಳಿದೆ: "ಅದ ಅಣ್ಣಾರ, ಟೈರ್ ಅಂಗಡೀದು."

ಯಾಕೆ ಹಾಗೆಂದೆನೋ! ನನ್ನ ವೀಸಾ ನವೀಕರಣದ ಕಾಗದ ಆ ವಾರ ಮ್ಯಾನೇಜರ್ ಮೇಜಿನ ಮೇಲಿತ್ತು. ಬಾಯಿ ತಾನಾಗಿ ಸುಳ್ಳು ಹೇಳಿತು. ಟೈರ್ ಅಂಗಡಿಯ ಸೀಸ ಇನ್ನೂರು ಡಿಗ್ರಿಗೆ ಕರಗುವುದಿಲ್ಲ, ಕರಗಿದ್ದರೆ ಬಿಸಿ ಅದಕ್ಕಿಂತ ಬಹಳ ಮೇಲೆ ಹೋಗಿರಬೇಕು ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ನೀವು ನಿಮ್ಮ ಮುಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಿರಿ. ಆಮೇಲೆ ಮ್ಯಾನೇಜರ್ ಎದುರು, "ಗುಂಡು ಇಡಲಿಕ್ಕೆ ಬಿಟ್ಟದ್ದು ನಾನು, ಬಿಸಿ ಮೇಲೆ ಹೋದದ್ದೂ ನನಗೆ ಗೊತ್ತಾಗಲಿಲ್ಲ ಸರ್" ಎಂದಿರಿ. ಖಲಾಸ್, ಹತ್ತು ದಿನದಲ್ಲಿ ನಿಮ್ಮ ವೀಸಾ ರದ್ದಾಯಿತು.

ಗುಂಡು ಕರಗಿದ ದಿನವೇ ಸಂಜೆ ಅಲಿಕುಂಞಿ ನನಗೆ ತಿಳಿಸಿ ಹೇಳಿದ್ದ. "ಅಲ್ಲ ಮಾರಾಯ, ಬೆಸುಗೆಯಲ್ಲಿ ತವರ ಉಂಟಲ್ಲ, ಅದು ಇನ್ನೂರರಲ್ಲಿ ಕರಗದೆ ಮತ್ತೆಂತ? ಹೋಗಿ ಹೇಳು ಅವರಿಗೆ." ನಾಳೆ ಹೇಳುತ್ತೇನೆ ಅಂದೆ. ಹತ್ತು ದಿನವೂ ಒಂದೇ ಕೋಣೆಯಲ್ಲಿ, ನಿಮ್ಮ ಮಂಚದ ಮೇಲಿನ ಮಂಚದಲ್ಲಿ ಮಲಗಿದೆ. ಹೇಳಲಿಲ್ಲ. ಹೋಗುವ ದಿನ ನೀವು ಗುಂಡಿನ ಅಚ್ಚನ್ನು ನನ್ನ ಕೈಗಿತ್ತು, "ನನಗೆ ಇನ್ನು ಯಾಕೆ" ಎಂದಿರಿ. ನೀವು ಎರಡು ಏಟು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ವರ್ಷದಿಂದ ನಾನು ಅಬುಧಾಬಿಯಲ್ಲಿ ಬೇರೆ ಕಂಪನಿಯಲ್ಲಿದ್ದೇನೆ. ಇಲ್ಲಿ ಓವನ್ ಕಂಪ್ಯೂಟರಿನದು, ಕೈ ಹಿಡಿಯುವವರು ಯಾರೂ ಇಲ್ಲ. ಶುಕ್ರವಾರ ಬಸ್ಸು ಹಿಡಿದು ನೀರಿನ ದಂಡೆಗೆ ಹೋಗಿ ಗಾಳ ಹಾಕಿ ಕೂರುತ್ತೇನೆ. ಮೀನು ಸಿಕ್ಕರೇ ಕಷ್ಟ. ಯಾರಿಗೆ ಕೊಡಲಿ? ಬಿಡಿಸಿ ವಾಪಸ್ ನೀರಿಗೆ ಬಿಡುತ್ತೇನೆ. ಅಕ್ಕಪಕ್ಕದವರು ನಗುತ್ತಾರೆ. ನನಗೆ ನೀವಿಲ್ಲದೆ ಬಹಳ ಬೇಸರ, ಹ್ಯೂಬರ್ಟಣ್ಣ. ಇದನ್ನು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ. ಒಮ್ಮೆ ಸುಳ್ಳು ಹೇಳಿದ ಬಾಯಿ ಇದು. ಅದಕ್ಕೇ ರಜೆಗೆ ಬರುತ್ತಿರುವ ಅಲಿಕುಂಞಿಯ ಕೈಯಲ್ಲಿ ಪತ್ರದ ಜೊತೆ ಒಂದು ಗೇಣುದ್ದದ ಅಲ್ಯೂಮಿನಿಯಂ ತುಂಡು ಕಳಿಸಿದ್ದೇನೆ. ಅವತ್ತಿನ ಚೌಕಟ್ಟುಗಳನ್ನು ಗುಜರಿಗೆ ಹಾಕಿದವನು ನಾನೇ, ಆಗಲೇ ಕತ್ತರಿಸಿ ಇಟ್ಟುಕೊಂಡದ್ದು. ಹನಿಗಳು ಇನ್ನೂ ಅಂಟಿಕೊಂಡಿವೆ. ನೀವು ಹನಿಗಳನ್ನು ನೋಡಬೇಡಿ, ಬಣ್ಣ ನೋಡಿ. ಬಿಸಿ ಮೇಲೆ ಹೋದರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ ಎಂದು ನನಗೆ ಕಲಿಸಿದವರು ನೀವೇ. ಅಂಗಳದ ಬಿಸಿಲಿಗೆ ಹಿಡಿದು ನೋಡಿ. ಹಾಲಿನಷ್ಟು ಬೆಳ್ಳಗಿದೆ.

ಅವತ್ತು ನಿಮ್ಮ ಕೈ ಸರಿಯಾಗಿಯೇ ಹೇಳಿತ್ತು. ಇನ್ನೂರಕ್ಕೆ ಇನ್ನೂರೇ ಇತ್ತು.

ಕ್ಷಮೆ ಕೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಬಾಯಿಯವರು ಈ ಕ್ರಿಸ್‌ಮಸ್‌ಗೆ ಕೇಕ್ ಕಲಸಲಿ, ಓವನ್ ಬಾಗಿಲಲ್ಲಿ ನಿಂತು ನೀವೇ ಮುಂಗೈ ಹಿಡಿಯಿರಿ. ಆ ಕೈ ನೂರು ವರ್ಷ ಬೆಚ್ಚಗಿರಲಿ.

ನಿಮ್ಮ ಚೀಲಕ್ಕೆ ಮೀನು ಹಿಡಿದುಕೊಡುತ್ತಿದ್ದ,
ಶೇಖಪ್ಪ