ಕೆಂಪು ಟ್ಯಾಗಿನ ಮೇಲಿರುವುದು ನನ್ನ ಹೆಸರು

ಪೀಣ್ಯದ ನಮ್ಮ ತರಬೇತಿ ಕೇಂದ್ರದ ಪರೀಕ್ಷಾಧಿಕಾರಿಗಳಿಗೆ, ಎಲ್ಲರೂ ಓದಲೆಂದು ಬರೆದ ಪತ್ರ

ಮಾನ್ಯ ಪರೀಕ್ಷಾಧಿಕಾರಿಗಳೇ,

ಬರುವ ಭಾನುವಾರ ನಡೆಯಲಿರುವ ಸೈಬರ್ ಭದ್ರತೆಯ ಪ್ರಾಥಮಿಕ ಪ್ರಮಾಣಪತ್ರದ ಪರೀಕ್ಷೆಗೆ ಶಶಿಕಲಾ ಎಂಬ ಇಪ್ಪತ್ತಾರು ವರ್ಷದ ಹೆಣ್ಣುಮಗಳಿಗೆ ನೀವು ಪ್ರವೇಶಪತ್ರ ಕೊಟ್ಟಿಲ್ಲ. ಕೊಡುವುದಿಲ್ಲ ಎಂದು ಸೂಚನಾ ಫಲಕಕ್ಕೆ ಅಂಟಿಸಿದ್ದೀರಿ. ಇನ್ನು ಮೂರು ವರ್ಷ ಆಕೆ ಇಂಥ ಯಾವ ಪರೀಕ್ಷೆಗೂ ಕೂರುವಂತಿಲ್ಲ ಎಂದೂ ಸೇರಿಸಿದ್ದೀರಿ. ಕಾರಣ, 'ಕೇಂದ್ರದ ಉಪಕರಣದ ಮೇಲೆ ಸೈಬರ್ ದಾಳಿ'. ಆ ದಾಳಿ ಮಾಡಿದವನು ನಾನು. ದಾಳಿ ಮಾಡಿ, ಹೆಸರು ಬರೆದು, ಸಮಯ ಹಾಕಿ, ದಾರ ಕಟ್ಟಿ ನೇತುಹಾಕಿ ಬಂದವನೂ ನಾನೇ.

ಐ ಬೆಗ್ ಟು ಸ್ಟೇಟ್ ದ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್ ಕನ್ಸಿಡರೇಷನ್ ಅಂಡ್... ಇದರ ಮುಂದೆ ಏನೋ ಇತ್ತು. ತುಮಕೂರಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುವಾಗ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದು. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟೆ, ವಾಕ್ಯವೂ ಅರ್ಧಕ್ಕೇ ನಿಂತಿತು. ನೆನಪಾದಾಗ ಬರೆಯುತ್ತೇನೆ.

ನನ್ನ ಹೆಸರು ಚಿಕ್ಕಬೈರಪ್ಪ, ವಯಸ್ಸು ಐವತ್ತೊಂಬತ್ತು, ಮನೆ ರಾಜಗೋಪಾಲನಗರ. ಮೂವತ್ತೊಂದು ವರ್ಷ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್‌ಗಳ ಮೇಂಟೆನೆನ್ಸ್ ಮಾಡಿದೆ. ಪವರ್ ಪ್ರೆಸ್ ಎಂದರೆ ತಗಡನ್ನು ಒಂದೇ ಏಟಿಗೆ ಕತ್ತರಿಸಿ ಬಗ್ಗಿಸುವ ಯಂತ್ರ. ಅದಕ್ಕೆ ತಗಡೂ ಒಂದೇ, ಕೈಯೂ ಒಂದೇ. ನಾನು ಸೇರಿದ ನಾಲ್ಕನೇ ವರ್ಷ ನನ್ನ ಜೊತೆಗಾರ ಹನುಮಯ್ಯ ಯಂತ್ರ ನಿಲ್ಲಿಸಿ ಒಳಗೆ ಕೈ ಹಾಕಿ ಸ್ಪ್ರಿಂಗ್ ಬದಲಿಸುತ್ತಿದ್ದ. ಆಚೆ ಬದಿಯಿಂದ ಬಂದ ಒಬ್ಬರು, 'ಇದ್ಯಾಕೆ ಸುಮ್ಮನೆ ನಿಂತಿದೆ?' ಎಂದುಕೊಂಡು ಸ್ವಿಚ್ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ, ಕೆಲಸ ನಡೆಯಲಿ ಅಂತ. ಹನುಮಯ್ಯನ ಮೂರು ಬೆರಳು ಹೋದವು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವನು ಒಂದೇ ಮಾತು ಹೇಳುತ್ತಿದ್ದ: "ನಾನ್ ಒಳಗಿದೀನಿ ಅಂತ ಅವ್ರಿಗೆ ಗೊತ್ತಿರ್ಲಿಲ್ಲ ಕಣೋ ಬೈರಾ, ಗೊತ್ತಿರ್ಲಿಲ್ಲ."

ಅಂದಿನಿಂದ ನಮ್ಮ ವಿಭಾಗದಲ್ಲಿ ಒಂದು ನಿಯಮ ಬಂತು. ಯಂತ್ರ ಮುಟ್ಟುವವನು ಮೊದಲು ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗಕ್ಕೆ ತನ್ನ ಹೆಸರಿನ ಕೆಂಪು ಟ್ಯಾಗ್ ನೇತುಹಾಕಬೇಕು. ಹಾಕಿದವನೇ ತೆಗೆಯಬೇಕು, ಮಾಲೀಕರು ಬಂದರೂ ಬೇರೆಯವರು ತೆಗೆಯುವಂತಿಲ್ಲ. ಕಾಗದದ ಟ್ಯಾಗು ಎಣ್ಣೆಗೆ ನೆಂದು ಹರಿಯುತ್ತಿತ್ತು. ನನ್ನ ಹೆಂಡತಿ ಅಂಜನಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೆಂಪು ರೆಕ್ಸಿನ್ ತುಂಡು ತಂದು, ಅಂಚು ಮಡಚಿ ಹೊಲಿದು, ಚೀಟಿ ತೂರಿಸಲು ಒಂದು ಜೇಬನ್ನೂ ಮಾಡಿಕೊಟ್ಟಳು. "ಇದು ಹರಿದ್ರೆ ನನ್ನ ಕೇಳಿ, ನೀವ್ ಮಾತ್ರ ಹರ್ಕೊಂಡು ಬರ್ಬೇಡಿ" ಎಂದಿದ್ದಳು. ಟ್ಯಾಗು ಹರಿಯಲಿಲ್ಲ. ಅವಳು ಹೋಗಿ ಮೂರು ವರ್ಷವಾಯಿತು. ಆ ಟ್ಯಾಗು ಈಗ ನಿಮ್ಮ ಬೀರುವಿನಲ್ಲಿ 'ಸಾಕ್ಷ್ಯ' ಎಂಬ ಹೆಸರಿನಲ್ಲಿದೆ.

ಇಂಥ ಮುದುಕನಿಗೆ ಸೈಬರ್ ಭದ್ರತೆ ಯಾಕೆ ಎಂದು ನಿಮ್ಮ ಕಚೇರಿಯಲ್ಲಿ ನಕ್ಕರಂತೆ. ಹೇಳುತ್ತೇನೆ. ನಾನು ನಿವೃತ್ತನಾಗುವ ಮೊದಲಿನ ವರ್ಷ ಒಂದು ಬೆಳಗ್ಗೆ ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಬೀಗ ಬಿದ್ದಂತೆ ನಿಂತವು. ಯಾರೋ ದೂರದಿಂದ ಒಳನುಗ್ಗಿ ಎಲ್ಲ ಮುಚ್ಚಿದ್ದರು. ಆರು ದಿನ ಪ್ರೆಸ್ ಓಡಲಿಲ್ಲ. ಜೀವಮಾನವೆಲ್ಲ ಬೀಗ ಹಾಕುತ್ತಾ ಬಂದವನು ನಾನು. ಆ ದಿನ ನಮಗೇ ಯಾರೋ ಬೀಗ ಹಾಕಿದ್ದರು. ಅದರ ಮೇಲೆ ಟ್ಯಾಗ್ ಇರಲಿಲ್ಲ. ಯಾರು, ಯಾಕೆ, ಯಾವಾಗ ಎಂದು ಬರೆದಿರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಅದು. ಆಮೇಲೆ ನಿಮ್ಮ ಜಾಹೀರಾತು ನೋಡಿದೆ: 'ಕೈಯಾರೆ ಮಾಡಿ ಕಲಿಯಿರಿ, ವಯೋಮಿತಿ ಇಲ್ಲ'. ಎರಡೂ ಮಾತು ನನಗೆಂದೇ ಬರೆದ ಹಾಗಿತ್ತು. ಕೈಯಾರೆ ಮಾಡಿದ್ದಕ್ಕೇ ಶಿಕ್ಷೆ ಎಂಬ ಸಾಲು ಅದರಲ್ಲಿ ಇರಲಿಲ್ಲ. ಸಣ್ಣ ಅಕ್ಷರದಲ್ಲಿ ಇತ್ತೇ? ನನ್ನ ಕನ್ನಡಕದ ನಂಬರು ಹೆಚ್ಚಾಗಿದೆ.

ಕಲಿಸಿದವರು ವೀರೇಶ್ ಎಂಬ ತರುಣ. ದಾವಣಗೆರೆ ಕಡೆಯವರು, ಮಹದೇವಪುರದಿಂದ ಎರಡು ಬಸ್ಸು ಬದಲಿಸಿ ಪೀಣ್ಯಕ್ಕೆ ಬರುತ್ತಿದ್ದರು. ನಾನು ಇಲಿ ಹಿಡಿದ ಹಾಗೆ ಮೌಸ್ ಹಿಡಿದರೂ ನಗಲಿಲ್ಲ. ಕಂಪ್ಯೂಟರ್ ಎಂದರೆ ಬಹಳ ಬಾಗಿಲುಗಳಿರುವ ಮನೆ, ಬೇಕಾದ ಬಾಗಿಲು ಮಾತ್ರ ತೆರೆದಿರಬೇಕು ಎಂದು ಅವರು ಹೇಳಿದ ದಿನ, ಇದು ನಮ್ಮ ಮೇಂಟೆನೆನ್ಸ್ ಕೆಲಸವೇ ಅಂದುಕೊಂಡೆ. ಕಂಪ್ಯೂಟರ್ ಒಂದಕ್ಕೆ ಇಬ್ಬರು. ನನ್ನ ಜೊತೆ ಕೂತವಳು ಶಶಿಕಲಾ.

ಅವಳ ಬಗ್ಗೆ ನಿಮಗೆ ಗೊತ್ತಿರುವುದು ನೋಂದಣಿ ಸಂಖ್ಯೆ ಮಾತ್ರ. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಪೀಣ್ಯದ ಹಳೇ ಊರಿನವರು ಅವರು. ಕಾರ್ಖಾನೆಗಳು ಬರುವ ಮೊದಲೇ ಇದ್ದವರು. ತಾಯಿ ಸೊಣ್ಣಮ್ಮ ಗಾರ್ಮೆಂಟ್ಸ್‌ನಲ್ಲಿ ನನ್ನ ಅಂಜನಮ್ಮನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವರು. ಮಗಳು ಒಂದು ಕಾರ್ಖಾನೆಯ ಗೇಟಿನಲ್ಲಿ ಹನ್ನೆರಡು ಕ್ಯಾಮೆರಾಗಳ ಪರದೆ ನೋಡುವ ಕೆಲಸದಲ್ಲಿದ್ದಾಳೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯವರು ಅವಳನ್ನು ಪರೀಕ್ಷಿಸಿ ನೋಡಿ ಪತ್ರ ಕೊಟ್ಟಿದ್ದಾರೆ: ತಿಂಗಳ ಕೊನೆಯೊಳಗೆ ಈ ಪ್ರಮಾಣಪತ್ರ ತಂದರೆ, ಕಂಪ್ಯೂಟರ್ ಜಾಲಗಳನ್ನು ಕಾಯುವ ತಂಡದಲ್ಲಿ ಜಾಗ. ಆ ಪತ್ರವನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತರಗತಿಗೆ ತರುತ್ತಿದ್ದಳು. "ಯಾಕಮ್ಮ, ಮನೇಲಿಡಬಾರ್ದಾ?" ಎಂದರೆ, "ಮನೇಲಿದ್ರೆ ನಿಜ ಅನ್ಸಲ್ಲ ಅಂಕಲ್" ಎನ್ನುತ್ತಿದ್ದಳು.

ಇನ್ನು ದಾಳಿಯ ದಿನಕ್ಕೆ ಬರೋಣ. ಅಂದಿನ ಅಭ್ಯಾಸದ ಹಾಳೆಯಲ್ಲಿ ನಿಮ್ಮದೇ ಮೊಹರಿನ ಕೆಳಗೆ ಹೀಗೆ ಮುದ್ರಿಸಿತ್ತು: 'ಈ ಕೋಣೆಯ ಜಾಲದಲ್ಲಿ ಕಾಣಿಸುವ ಉಪಕರಣಗಳೆಲ್ಲ ಅಭ್ಯಾಸಕ್ಕಾಗಿ. ಅನಗತ್ಯವಾಗಿ ತೆರೆದಿರುವ ಬಾಗಿಲುಗಳನ್ನು ಹುಡುಕಿ, ಮುಚ್ಚಿ, ದಾಖಲಿಸಿ.' ಹುಡುಕಿದೆವು. ಇಪ್ಪತ್ತೇಳನೇ ಉಪಕರಣದ ಬಾಗಿಲು ತೆರೆದೇ ಇತ್ತು. ತಯಾರಾದ ಕಾರ್ಖಾನೆಯಲ್ಲಿ ಹಾಕಿದ್ದ ಗುಪ್ತಪದವನ್ನೇ ಯಾರೂ ಬದಲಿಸಿರಲಿಲ್ಲ. ನಮ್ಮನ್ನು ಪರೀಕ್ಷಿಸಲೆಂದೇ ಹೀಗೆ ಇಟ್ಟಿದ್ದಾರೆ ಎಂದುಕೊಂಡೆ. ವೀರೇಶ್ ಅವರನ್ನು ಆಗಷ್ಟೇ ಯಾರೋ ಆಫೀಸಿಗೆ ಕರೆದಿದ್ದರು.

"ಅಂಕಲ್, ಸಾರ್ ಬರ್ಲಿ. ಒಂದ್ಸಲ ಕೇಳ್ಬಿಟ್ಟು ಮಾಡೋಣ," ಅಂದಳು ಶಶಿಕಲಾ.

"ಬಾಗಿಲು ತೆಗೆದಿರೋದು ಕಣ್ಣಿಗೆ ಕಾಣ್ತಿದೆ. ಮೊದ್ಲು ಮುಚ್ಚೋದು, ಆಮೇಲೆ ಹೇಳೋದು. ನಮ್ಮಲ್ಲಿ ಹಂಗೇ ಕಣಮ್ಮ."

"ನಿಮ್ಮಲ್ಲಿ ಪ್ರೆಸ್ಸು. ಇದು ಬೇರೆ ಅಲ್ವಾ?"

"ಬೀಗ ಎಲ್ಲಾ ಕಡೆ ಬೀಗಾನೇ. ಟೈಪ್ ಮಾಡು, ನನ್ನ ಬೆರಳು ನಿಧಾನ."

ಅವಳು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟಳು. ಅವಳ ಹೆಸರಿನಲ್ಲೇ ಕಂಪ್ಯೂಟರಿನ ಒಳಗೆ ಹೋಗಿದ್ದೆವು, ಅವಳೇ ಒತ್ತಿದಳು. ನಾನು ಎದ್ದು ಮೂಲೆಯಲ್ಲಿದ್ದ ವೈರುಗಳ ಪೆಟ್ಟಿಗೆಯಲ್ಲಿ ಇಪ್ಪತ್ತೇಳನೇ ವೈರು ಹುಡುಕಿ ಅಂಜನಮ್ಮನ ಟ್ಯಾಗು ಕಟ್ಟಿದೆ. ಚೀಟಿಯಲ್ಲಿ ಬರೆದೆ: 'ಬಾಗಿಲು ಮುಚ್ಚಲಾಗಿದೆ. ಕೇಳದೆ ತೆರೆಯಬೇಡಿ. ಚಿಕ್ಕಬೈರಪ್ಪ. ಮಧ್ಯಾಹ್ನ 12.10.' ವೀರೇಶ್ ಆ ದಿನ ತರಗತಿಗೆ ವಾಪಸಾಗಲಿಲ್ಲ. ಹಾಳೆ ಮೇಜಿನ ಮೇಲಿಟ್ಟು ನಾವು ಮನೆಗೆ ಹೋದೆವು.

ಅದು ಅಭ್ಯಾಸದ ಉಪಕರಣವಾಗಿರಲಿಲ್ಲ. ನಿಮ್ಮ ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಜರಾತಿ ಯಂತ್ರ. ಆ ಬಾಗಿಲಿನ ಮೂಲಕವೇ ಹಾಜರಾತಿ ಮೇಲಿನ ಕಚೇರಿಗೆ ಹೋಗುತ್ತಿತ್ತಂತೆ. ಒಂದೂವರೆ ದಿನ ಹೋಗಲಿಲ್ಲ. ತರಬೇತಿ ಕೋಣೆಯ ವೈರೂ ಗೇಟಿನ ವೈರೂ ಒಂದೇ ಪೆಟ್ಟಿಗೆಗೆ ಯಾಕೆ ಬಂದವು? ಕಳ್ಳತನ ಹಿಡಿಯುವ ಪಾಠ ಹೇಳುವ ಕೋಣೆಯಿಂದ ನಿಮ್ಮ ಕಚೇರಿಯೊಳಕ್ಕೆ ದಾರಿ ಬಿಟ್ಟವರು ಯಾರು? ಅವರ ಹೆಸರು ಸೂಚನಾ ಫಲಕದಲ್ಲಿ ಯಾಕಿಲ್ಲ? ಅವರು ಟ್ಯಾಗ್ ಕಟ್ಟಿರಲಿಲ್ಲ, ಅದಕ್ಕೇ ಇರಬೇಕು.

ವಿಚಾರಣೆಗೆ ಕರೆದಿರಿ. ಮೂರು ನಿಮಿಷ. ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ. ಮೇಜಿನ ಮೇಲೆ ನನ್ನ ಟ್ಯಾಗು ಇತ್ತು.

"ಸರ್ಕಾರಿ ಡಿವೈಸ್ ಹ್ಯಾಕ್ ಮಾಡಿದೀರಿ. ಗೊತ್ತೇನ್ರೀ ನಿಮಗೆ?" ಎಂದಿರಿ.

"ಸಾರ್, ಹ್ಯಾಕ್ ಮಾಡೋನು ಹೆಸರು ಬರೆದು ಕಟ್ಟಿ ಹೋಗ್ತಾನಾ?" ಅಂದೆ.

"ಅದನ್ನೇ ನಾನೂ ಹೇಳ್ತಿರೋದು. ಧೈರ್ಯ ನೋಡಿ ಇವರದ್ದು!"

ಶಶಿಕಲಾ ಬಾಯಿ ತೆರೆಯುವ ಮೊದಲೇ ನೀವು ಪರದೆ ತಿರುಗಿಸಿ, ಲಾಗ್‌ನಲ್ಲಿ ಅವಳ ಹೆಸರಿದೆ, ಯಂತ್ರ ಸುಳ್ಳು ಹೇಳುವುದಿಲ್ಲ ಎಂದಿರಿ. ಯಂತ್ರ ಬರೆದಿಟ್ಟ ದಾಖಲೆ ನಿಜ, ಮನುಷ್ಯ ಬರೆದು ನೇತುಹಾಕಿದ್ದು ಉದ್ಧಟತನ. ಬಾಗಿಲ ಬಳಿ ನಿಂತಿದ್ದ ವೀರೇಶ್ ಏನೋ ಹೇಳಲು ಬಂದರು, ನೀವು ಗಡಿಯಾರ ನೋಡಿದಿರಿ, ಅವರು ಹಿಂದೆ ಸರಿದರು. ನಾನು ಅವರನ್ನು ದೂರುವುದಿಲ್ಲ. ಅವರ ಕೆಲಸವೂ ವರ್ಷವರ್ಷಕ್ಕೆ ನಿಮ್ಮ ಸಹಿಗೆ ಕಾಯುತ್ತದೆ.

ಕಾಲೇಜಿನಲ್ಲಿ ಪ್ರೆಸಿ ರೈಟಿಂಗ್ ಅಂತ ಇತ್ತು. ಕೊಟ್ಟ ಭಾಗವನ್ನು ಮೂರನೇ ಒಂದಕ್ಕೋ ನಾಲ್ಕನೇ ಒಂದಕ್ಕೋ ಇಳಿಸಬೇಕು, ಅರ್ಥ ಕೆಡಬಾರದು. ನೀವು ಒಬ್ಬ ಹುಡುಗಿಯ ನಾಲ್ಕು ತಿಂಗಳ ಓದನ್ನು 'ಸೈಬರ್ ದಾಳಿ' ಎಂಬ ಎರಡು ಪದಕ್ಕೆ ಇಳಿಸಿದ್ದೀರಿ. ನಮ್ಮ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು.

ಅಂದಹಾಗೆ, ಹಾಜರಾತಿ ಯಂತ್ರವನ್ನು ಸರಿಮಾಡಿದವರು ಮತ್ತೆ ಹಳೇ ಗುಪ್ತಪದವನ್ನೇ ಇಟ್ಟಿದ್ದಾರಂತೆ. ನಾನು ಮುಟ್ಟಿ ನೋಡಿಲ್ಲ, ಸ್ವಾಮಿ. ಅವರೇ ಗೇಟಿನಲ್ಲಿ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು, ಟೀ ಕುಡಿಯುತ್ತಿದ್ದ ಐದು ಜನಕ್ಕೂ ಕೇಳಿಸಿತು. ಅದೇನೆಂದು ನಾನು ಇಲ್ಲಿ ಬರೆಯುವುದಿಲ್ಲ. ದೋಷ ಸರಿಹೋಗುವ ತನಕ ಅದನ್ನು ಊರಿಗೆಲ್ಲ ಸಾರಬಾರದು ಎಂದು ಮೂರನೇ ವಾರದಲ್ಲೇ ಪಾಠವಾಗಿದೆ. ಆ ಪ್ರಶ್ನೆಯಲ್ಲಿ ನಾನು ಪರೀಕ್ಷೆಗೆ ಕೂರುವ ಮೊದಲೇ ಪಾಸಾದೆ ಎಂದು ಬರೆದುಕೊಳ್ಳಿ.

ತಪ್ಪು ನನ್ನದೂ ಇದೆ. ಅದನ್ನು ಬರೆಯದಿದ್ದರೆ ಈ ಪತ್ರ ನಿಮ್ಮ ಸೂಚನೆಯಂತೆಯೇ ಆಗುತ್ತದೆ. ಇಪ್ಪತ್ತೇಳನೇ ವೈರಿನ ಇನ್ನೊಂದು ತುದಿ ಗೋಡೆಯ ತೂತಿನೊಳಗೆ ಹೋಗಿತ್ತು. ಅದು ನನಗೆ ಕಂಡಿತು. ಮೂವತ್ತೊಂದು ವರ್ಷ ಮೇಂಟೆನೆನ್ಸ್ ಮಾಡಿದವನು ಗೋಡೆಯ ಆಚೆ ಹೋಗಿ, ವೈರು ಎಲ್ಲಿ ಮುಗಿಯುತ್ತದೆ ಎಂದು ನೋಡಬೇಕಿತ್ತು. ನೋಡಲಿಲ್ಲ. ಬಹಳ ದಿನದ ಮೇಲೆ ಕೈಗೆ ಒಂದು ಕೆಲಸ ಸಿಕ್ಕಿತ್ತು, ಆ ಖುಷಿಯಲ್ಲಿದ್ದೆ. ಕಾಯೋಣ ಎಂದ ಹುಡುಗಿಯ ಮಾತನ್ನೂ ಕೇಳಲಿಲ್ಲ. ಆ ದಿನ ಆ ಕೋಣೆಯಲ್ಲಿ ಭದ್ರತೆಯ ಪಾಠ ನಿಜವಾಗಿ ಅರ್ಥವಾಗಿದ್ದುದು ಅವಳೊಬ್ಬಳಿಗೆ. ನೀವು ಹೊರಗಿಟ್ಟಿರುವುದು ಅವಳನ್ನೇ.

ಮೊನ್ನೆ ಸಂಜೆ ಸೊಣ್ಣಮ್ಮ ನಮ್ಮ ಮನೆಗೆ ಬಂದಿದ್ದರು. ಕೂರಲಿಲ್ಲ.

"ಏನಣ್ಣೋ, ನಮ್ಮುಡುಗಿ ಕಂಪೂಟ್ರು ಕಳ್ತನ ಮಾಡವ್ಳಂತೆ ಅಂತ ಬೀದಿಯೋರೆಲ್ಲ ಕೇಳ್ತವ್ರೆ. ಅವಳು ಉಣ್ಣಾಕಿಲ್ಲ, ಮಾತಾಡಾಕಿಲ್ಲ. ಆ ಕವರ್ ಹಿಡ್ಕೊಂಡು ಕುಂತವ್ಳೆ."

"ಅವಳದ್ದೇನೂ ತಪ್ಪಿಲ್ಲಮ್ಮ. ನಾನೇ ಮಾಡಿಸಿದ್ದು."

"ಅದು ನನ್ಗೊತ್ತು. ಅವಳೂ ಅಂಗೇ ಅಂದ್ಲು, ಅಂಕಲ್ನ ಬಯ್ಬ್ಯಾಡ ಕಣವ್ವ ಅಂತ. ನಿಮ್ಮ ಅಂಜನಕ್ಕ ಇದ್ದಿದ್ರೆ ಇಂಗ್ ಬಿಡ್ತಿರ್ಲಿಲ್ಲ. ನೀವೇನ್ ಮಾಡ್ತೀರಿ ಈಗ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಹೋದರು. ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮುಂದಿನ ಮೇಜಿನ ಹೇಮಲತಾ ಮೇಡಂ ನೀರು ಕೊಟ್ಟು, "ಸಾರ್ ಮೀಟಿಂಗಲ್ಲಿದ್ದಾರೆ ಅಂಕಲ್" ಎಂದು ನನಗಿಂತ ಹೆಚ್ಚು ನಾಚಿಕೊಂಡರು. ಅದಕ್ಕೇ ಈ ಬಹಿರಂಗ ಪತ್ರ.

ನನ್ನ ಬೇಡಿಕೆ ಒಂದೇ. ಪ್ರವೇಶಪತ್ರ ಕೊಡುವ ವ್ಯವಸ್ಥೆ ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ಶಶಿಕಲಾಳ ಹೆಸರಿನ ಮುಂದಿನ ನಿಷೇಧ ತೆಗೆದು ಪ್ರವೇಶಪತ್ರ ಕೊಡಿ. ಯಾರಾದರೊಬ್ಬರ ಹೆಸರಿಗೆ ಗೀಟು ಎಳೆಯಲೇಬೇಕಿದ್ದರೆ ನನ್ನದಕ್ಕೆ ಎಳೆಯಿರಿ. ಮೂರು ವರ್ಷವಲ್ಲ, ಪೂರ್ತಿಗೇ ಎಳೆಯಿರಿ. ಅರವತ್ತಾಗುತ್ತಿರುವವನ ಪ್ರಮಾಣಪತ್ರ ನೋಡಿ ಕೆಲಸ ಕೊಡಲು ಯಾವ ಕಂಪನಿಯೂ ಬಾಗಿಲಲ್ಲಿ ನಿಂತಿಲ್ಲ. ಟ್ಯಾಗು ಇರುವುದೇ ಅದಕ್ಕೆ, ಏನಾದರೂ ಆದರೆ ಯಾರನ್ನು ಕೇಳಬೇಕು ಎಂದು ತಿಳಿಯಲು. ಅದರ ಮೇಲೆ ಒಂದೇ ಹೆಸರಿದೆ. ಓದಿ ನೋಡಿ, ನಿಮ್ಮ ಬೀರುವಿನಲ್ಲೇ ಇದೆ.

ಆ ಅರ್ಧ ವಾಕ್ಯ ಈಗ ನೆನಪಾಯಿತು. ಫಾರ್ ಯುವರ್ ಕೈಂಡ್ ಕನ್ಸಿಡರೇಷನ್ ಅಂಡ್ ನೆಸೆಸರಿ ಆಕ್ಷನ್. ಕನ್ಸಿಡರೇಷನ್ ನಿಮಗೆ ಬಿಟ್ಟದ್ದು. ಆಕ್ಷನ್ ಮಾತ್ರ ಶುಕ್ರವಾರ ಐದರೊಳಗೆ ಆಗಬೇಕು.

ಹನುಮಯ್ಯನ ಯಂತ್ರದ ಸ್ವಿಚ್ ಹಾಕಿದವರು ಕೆಟ್ಟವರಾಗಿರಲಿಲ್ಲ. ಒಳಗೆ ಕೈ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನಿಮಗೆ ನಾನು ಹೇಳಿದ್ದೇನೆ, ಊರಿಗೆಲ್ಲ ಕಾಣುವ ಹಾಗೆ ಬರೆದು ನೇತುಹಾಕಿದ್ದೇನೆ. ಸ್ವಿಚ್ ನಿಮ್ಮ ಹತ್ತಿರ ಇದೆ. ಒಳಗೆ ಇರುವುದು ಶಶಿಕಲಾಳ ಕೈ.

ಇಂತಿ,
ಕಟ್ಟಿದ ಟ್ಯಾಗನ್ನು ತಾನೇ ವಾಪಸು ಪಡೆಯಲು ಕಾಯುತ್ತಿರುವ,
ಚಿಕ್ಕಬೈರಪ್ಪ
ಮೇಂಟೆನೆನ್ಸ್ ವಿಭಾಗ (ನಿವೃತ್ತ), ಸೈಬರ್ ದಾಳಿಕೋರ (ನಿಮ್ಮ ಸೂಚನೆಯ ಪ್ರಕಾರ)
ರಾಜಗೋಪಾಲನಗರ
ಬುಧವಾರ, ಬೆಳಗ್ಗೆ 9.40