ಅಳೆಯದೆ ಚೆಲ್ಲಿದ ಮೂರು ಫ್ಲಾಸ್ಕು

ಪ್ರೀತಿಯ ಚಿಕ್ಕಮ್ಮನವರಿಗೆ,

ನನಗೆ ಮದುವೆಯಾಯಿತು, ಇಂದಿಗೆ ಹತ್ತೊಂಬತ್ತು ದಿನ, ಇನ್ನೂ ಕಾಲು ನೆಲಕ್ಕೆ ತಾಗುತ್ತಿಲ್ಲ. ಮೊದಲು ನಿಮಗೇ ಹೇಳಬೇಕಿತ್ತು. ಹೇಳಲು ಮುಖವಿರಲಿಲ್ಲ.

ಲ್ಯಾಬಿನಲ್ಲಿ ಎಲ್ಲರಿಗೂ ನೀವು ಚಿಕ್ಕಮ್ಮ. ಇಪ್ಪತ್ತೆರಡು ವರ್ಷ ಫ್ಲಾಸ್ಕುಗಳನ್ನು ಮಕ್ಕಳಂತೆ ನೋಡಿಕೊಂಡವರು. ನಾನು ಹೊಸ ಡಿಗ್ರಿಯ ಜಂಬದಲ್ಲಿ ಬಂದವಳು. ನನ್ನ ಶಿಲೀಂಧ್ರ ನೆನೆದ ಹತ್ತಿಯಂತೆ ಒಂದೇ ಮುದ್ದೆಯಾಗಿ ಬೆಳೆಯುತ್ತಿತ್ತು, ಅದರಿಂದ ನನಗೆ ಬೇಕಿದ್ದ ಕಿಣ್ವ ಮಾತ್ರ ಹೆಚ್ಚುತ್ತಿರಲಿಲ್ಲ. ನೀವು ಇಣುಕಿ ನೋಡಿ, "ಹೀಗೆ ಮುದ್ದೆ ಕಟ್ಟಿದ್ರೆ ಒಳಗಿರೋದಕ್ಕೆ ಉಸಿರೆಲ್ಲಿ? ಕೂಡು ಕುಟುಂಬದಲ್ಲಿ ನಡುಮನೇಲಿ ಮಲಗೋ ಸೊಸೇನ ಕೇಳು, ಹೇಳ್ತಾಳೆ. ಚಿಟಿಕೆ ಟಾಲ್ಕ್ ಪುಡಿ ಹಾಕಿ ನೋಡ್ಲಾ?" ಎಂದಿರಿ. "ಹಾಕಿ ಚಿಕ್ಕಮ್ಮ, ಮಿಕ್ಕಿದ್ದು ಮುಖಕ್ಕೆ ಹಚ್ಕೊಳ್ಳಿ" ಎಂದು ನಕ್ಕುಬಿಟ್ಟೆ.

ನೀವು ಪುಡಿಯನ್ನು ಶುದ್ಧಮಾಡಿ ಮೂರು ಫ್ಲಾಸ್ಕಿಗೆ ಹಾಕಿದಿರಿ. ನಾಲ್ಕನೆಯ ದಿನ ನೋಡಿದರೆ ಮುದ್ದೆಯಿಲ್ಲ, ಸಾಸಿವೆಯಂಥ ಕಾಳುಗಳು. ಕೆಟ್ಟುಹೋಯಿತೆಂದು ಕೂಗಾಡಿ ಚೆಲ್ಲಿಸಿದೆ. "ಒಂದ್ಸಲ ಅಳೆದು ನೋಡಮ್ಮ, ಚೆಲ್ಲೋಕೆ ಏನವಸರ?" ಎಂದಿರಿ. ನಾನು ಕೇಳಲಿಲ್ಲ.

ಮುಖ್ಯಸ್ಥರು ನನ್ನನ್ನು ಕರೆದು, "ಇವರು ನಿಮ್ಮನ್ನ ಕೇಳಿ ಹಾಕಿದ್ರಾ?" ಎಂದಾಗ, "ಇಲ್ಲ ಸರ್" ಎಂದೆ. ನೀವು ಪಕ್ಕದಲ್ಲೇ ನಿಂತಿದ್ದಿರಿ. ಮರುದಿನದಿಂದ ನಿಮ್ಮನ್ನು ಗಾಜು ತೊಳೆಯುವ ಕೋಣೆಗೆ ಹಾಕಿದರು. ತಿಂಗಳು ತುಂಬುವ ಮೊದಲೇ ನೀವು ಕೆಲಸ ಬಿಟ್ಟಿರಿ. ಆ "ಇಲ್ಲ" ಸುಳ್ಳೆಂದು ಎರಡು ವರ್ಷ ಯಾರಿಗೂ ಹೇಳಲಿಲ್ಲ.

ಮದುವೆಯಾದ ಮೂರನೆಯ ದಿನ ನನ್ನವನಿಗೆ ಹಳೆಯ ನೋಟ್‌ಬುಕ್ ತೋರಿಸಿ ಕೊಚ್ಚಿಕೊಳ್ಳುತ್ತಿದ್ದೆ. ಅವನು ಒಂದು ಪುಟದ ಮೇಲೆ ಬೆರಳಿಟ್ಟು, "ಈ ಮೂರಕ್ಕೆ ಕಿಣ್ವದ ಅಂಕಿ ಯಾಕೆ ಬರೆದಿಲ್ಲ?" ಎಂದ. ಅವು ನಿಮ್ಮ ಫ್ಲಾಸ್ಕುಗಳು. ರಜೆ ಮುಗಿಯುವುದಕ್ಕೂ ಕಾಯದೆ ಲ್ಯಾಬಿಗೆ ಹೋಗಿ ನಿಮ್ಮಂತೆಯೇ ಪುಡಿ ಹಾಕಿದೆ. ಅವೇ ಸಣ್ಣ ಕಾಳುಗಳು. ಈ ಸಲ ಅಳೆದೆ: ಕಿಣ್ವ ಎರಡೂವರೆ ಪಟ್ಟು. ಖುಷಿಪಡಬೇಕಾದವಳು ಫ್ಲಾಸ್ಕುಗಳನ್ನು ಅಲುಗಿಸುವ ಯಂತ್ರದ ಪಕ್ಕ ಕುಳಿತು ಅತ್ತೆ.

ಮುಖ್ಯಸ್ಥರಿಗೆ ನಾನು ಸುಳ್ಳು ಹೇಳಿದ್ದೆನೆಂದು ಬರೆದುಕೊಟ್ಟಿದ್ದೇನೆ. ನಿಮ್ಮ ಜಾಗದಲ್ಲಿ ಈಗ ಬೇರೆಯವರಿದ್ದಾರೆ. ಅದನ್ನು ನಾನು ಮರಳಿಸಲಾರೆ. ಈ ಪ್ರಯೋಗದ ವರದಿಯಲ್ಲಿ ನಿಮ್ಮ ಹೆಸರು ಮೊದಲಿದೆ, ನಿಮ್ಮ ಸಹಿಯಿಲ್ಲದೆ ಅದನ್ನು ಎಲ್ಲಿಗೂ ಕಳಿಸುವುದಿಲ್ಲ. ಸಹಿ ಹಾಕದಿದ್ದರೂ ಸರಿ, ಬೈಯುವುದಕ್ಕಾದರೂ ಬಾಗಿಲು ತೆರೆಯಿರಿ.

ನಿಮ್ಮ ಕೈಗೆ, ಕಣ್ಣಿಗೆ ಯಾವ ದಣಿವೂ ಬಾರದಿರಲಿ. ಭಾನುವಾರ ಬೆಳಗಿನ ಏಳು ಹತ್ತರ ಪ್ಯಾಸೆಂಜರ್ ರೈಲಿನಲ್ಲಿ ನಿಮ್ಮೂರಿಗೆ ಬರುತ್ತೇನೆ, ಒಬ್ಬಳೇ.

ನಿಮ್ಮ ತಪ್ಪಿತಸ್ಥ ಹುಡುಗಿ